ಹನ್ನೊಂದು ಲಿಂಬೆ ಗಿಡ

ಜನವರಿ 6, ಸೋಮವಾರ

ಇಂದಿಗೆ ಹತ್ತು ದಿನ.

ಈ ಡೈರಿ ಅವರದು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಅಂತ ಮುಂಚೆಯೇ ಕೊಟ್ಟಿದ್ದರು. ಮೊದಲ ಪುಟದಲ್ಲಿ 'ನಬಿಲಾಲ, ಇಂಡಿ' ಅಂತ ಹೆಸರು ಬರೆದಿದ್ದಾರೆ, ಅಷ್ಟೇ. ಹೊಸ ವರ್ಷಕ್ಕೆ ಐದು ದಿನ ಇರುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಬರೆಯಲು ನನಗೇನೂ ಇಲ್ಲ, ಆದರೆ ಗೋಡೆ ನೋಡಿಕೊಂಡು ಎಷ್ಟಂತ ಕೂಡಲಿ? ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂಡಬೇಕು. ಗಂಡ ತೀರಿದವಳು ಮನೆಯ ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಮುಂದೆ ಬರುವಂತಿಲ್ಲ. ಮೇ ನಾಲ್ಕಕ್ಕೆ ಮುಗಿಯುತ್ತದೆ. ಅವತ್ತೇ ಬಂದು ಕರೆದುಕೊಂಡು ಹೋಗುತ್ತೇನೆ ಅಂತ ತಮ್ಮ ಅಮೀರ ಮುದ್ದೇಬಿಹಾಳಕ್ಕೆ ಹೊರಡುವಾಗ ಹೇಳಿ ಹೋಗಿದ್ದಾನೆ. ದಿನ ಎಣಿಸುವುದೊಂದೇ ಕೆಲಸ.

ಮಕ್ಕಳಾಗಲಿಲ್ಲ. ಈ ಮನೆಯಲ್ಲಿ ಉಳಿದದ್ದು ನಾನು, ಅತ್ತೆ ರಾಜಬಿ. ಹದಿನಾರು ವರ್ಷದಲ್ಲಿ ನಮ್ಮಿಬ್ಬರಿಗೂ ಒಂದು ದಿನ ಕೂಡಿ ಬಂದಿಲ್ಲ. ನಡುವೆ ಅವರಿದ್ದರು ಅಂತ ನಡೆಯಿತು. ಈಗ ನಡುವೆ ಹಾಳು ಗೋಡೆ ಅಷ್ಟೇ.

ಹಿತ್ತಲಲ್ಲಿ ಹನ್ನೊಂದು ಲಿಂಬೆ ಗಿಡ ಇವೆ. ಗಿಡ ಅನ್ನುವುದು ಬಾಯಿರೂಢಿ, ಮಾಳಿಗೆ ಮೀರಿ ಬೆಳೆದಿವೆ. ಹದಿನಾರನೇ ವಯಸ್ಸಿನಲ್ಲಿ ಅವರು ತಾಯಿಯ ಜೊತೆ ಕೂಡಿ ನೆಟ್ಟದ್ದು, ಇಪ್ಪತ್ತೇಳು ವರ್ಷ ಆಯಿತು. ಕೆಳಗೆಲ್ಲ ಒಣಗಿದ ಕಡ್ಡಿ, ಮುಳ್ಳು. ಹಣ್ಣು ಬಿಡುವುದೆಲ್ಲ ತುದಿಯಲ್ಲಿ, ಕಾಗೆಗಳ ಉಪಕಾರಕ್ಕೆ. ತಲೆ ಕಡಿಸಿ ಇಳಿಸೋಣ ಅಂತ ಅವರು ಹತ್ತು ವರ್ಷದಿಂದ ಅನ್ನುತ್ತಿದ್ದರು. "ಹಣ್ಣ ಕೊಡೂ ಗಿಡದ ತಲಿ ಕಡದ್ರ ಮನಿಗಿ ಚಲೋ ಅಲ್ಲ" ಅಂತ ಮುದುಕಿ ಬಿಡುತ್ತಿರಲಿಲ್ಲ. ಬಸ್ ಡಿಪೋದಲ್ಲಿ ಎಂಥೆಂಥ ಇಂಜಿನ್ ಬಿಚ್ಚಿ ಕೂಡಿಸುತ್ತಿದ್ದ ಮನುಷ್ಯ, ತಾಯಿಯ ಮುಂದೆ ಮಾತ್ರ ಬೆಕ್ಕು.

ಜನವರಿ 9, ಗುರುವಾರ

ಬೆಳಿಗ್ಗೆ ಚಹ ಕುಡಿಯುವಾಗ ನೆನಪಾಯಿತು. ಗಿಡಕ್ಕೆ ನೀರು!

ಡಿಸೆಂಬರ್ ಹತ್ತಕ್ಕೆ ಅವರು ನೀರು ಬಂದ್ ಮಾಡಿದ್ದರು. ಲಿಂಬೆಗೆ ಇಪ್ಪತ್ತು-ಇಪ್ಪತ್ತೈದು ದಿನ ನೀರು ತಪ್ಪಿಸಿ ಬಾಡಿಸಬೇಕು. ಎಲೆ ಮುದುಡಿದ ಮೇಲೆ ನೀರು ಕೊಟ್ಟರೆ ಗಿಡ ಮೈತುಂಬ ಹೂವು ಬಿಡುತ್ತದೆ. ಈ ಭಾಗದಲ್ಲಿ ಎಲ್ಲರೂ ಹೀಗೇ ಮಾಡುವುದು. ಆದರೆ ಬಿಡುವ ದಿನ ದಾಟಬಾರದು, ಅದರಲ್ಲೂ ಮುಪ್ಪಿನ ಗಿಡಕ್ಕೆ. ದಾಟಿ ನಾಲ್ಕೈದು ದಿನ ಆಗಿತ್ತು.

ಕಿಟಕಿಯ ಹಿಂದೆ ನಿಂತು ಬಾಜು ತೋಟದ ಮಾಳಿಂಗರಾಯನನ್ನು ಕೂಗಿದೆ. ಅವರ ಜೀವದ ಗೆಳೆಯ. ನಮ್ಮ ಹಿತ್ತಲಿಗೆ ನೀರು ಬರುವುದೂ ಅವನ ಬೋರಿನಿಂದಲೇ.

"ವೈನಿ, ನೀವ ಕಾಳಜಿ ಮಾಡಬ್ಯಾಡ್ರಿ. ವಾಲ್ ತಿರಿವಿ ಹೋಗತೇನಿ. ಮೋಟರಿಗೆ ಆಟೋ ಸ್ಟಾರ್ಟರ್ ಐತಿ, ಕರೆಂಟ್ ಬಂದಾಗೊಮ್ಮೆ ತಾನ ನೀರ ಬರತೈತಿ" ಅಂದ. ಅವನಿಗೆ ಕಬ್ಬು ಕಡಿಯುವ ಗಡಿಬಿಡಿ, ಫ್ಯಾಕ್ಟರಿಗೆ ಓಡಿದ.

ಒಂದು ಕೆಲಸವಾದರೂ ಮಾಡಿದೆನಲ್ಲ.

ಜನವರಿ 23, ಗುರುವಾರ

ಮುದುಕಿ ಅವರ ಖಾಕಿ ಅಂಗಿ ಒಗೆದು ಹಾಕಿದಳು. ಕೊನೆಯ ದಿನ ಹಾಕಿಕೊಂಡದ್ದು, ನಾನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಡೀಸೆಲ್ ವಾಸನೆ ಹೋಯಿತು. ಇವಳ ಕೈ ಸೇದಿಹೋಗಲಿ.

ಫೆಬ್ರವರಿ 6, ಗುರುವಾರ



ಹಿತ್ತಲು ಮನೆಯೊಳಗಿನ ಲೆಕ್ಕವೇ, ಇದ್ದತ್ ಇದ್ದರೂ ಹೋಗಬಹುದು; ಆದರೆ ಇಷ್ಟು ದಿನ ಕಾಲಿಟ್ಟಿರಲಿಲ್ಲ. ದಿನಾ ಮೋಟರಿನ ಸದ್ದು ಕೇಳುತ್ತಿತ್ತು, ನೀರು ಹೋಗುತ್ತಿದೆ ಅಂದುಕೊಂಡು ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ. ಇವತ್ತು ಒಣಗಿದ ಎಲೆ ಗಾಳಿಗೆ ಅಡುಗೆಮನೆಗೇ ಬಂದು ಬಿದ್ದವು. ಹೋಗಿ ನೋಡಿದರೆ ಹನ್ನೊಂದು ಗಿಡಕ್ಕೂ ತಲೆಯ ಮೇಲೆ ಒಂದು ಹಸಿರೆಲೆ ಇಲ್ಲ. ತುದಿ ಮುರಿದರೆ ಲಟಕ್ ಅನ್ನುತ್ತದೆ. ಬುಡದ ಮಣ್ಣು ಬಿರಿದು ನನ್ನ ಬೆರಳು ಹೋಗುವಷ್ಟು ಸೀಳು. ಹಿತ್ತಲ ಪೈಪಿನ ವಾಲ್ ಬಂದ್ ಇತ್ತು.

ತಿರುಗಿ ನೋಡಿದೆ, ಮುದುಕಿ ಹಿಂದೆಯೇ ನಿಂತಿದ್ದಳು.

"ಯಾರ ಬಂದ್ ಮಾಡಿದ್ರು?"

"ನಾನಽ" ಅಂದಳು. ಮಾಳಿಂಗರಾಯ ತಿರುವಿ ಹೋದ ದಿನವೇ ಹೋಗಿ ಬಂದ್ ಮಾಡಿದಳಂತೆ. ಆಮೇಲೆ ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದು, ಯಾರಾದರೂ ತೆಗೆದಿದ್ದಾರೇನೋ ಅಂತ ಮುಟ್ಟಿ ನೋಡುತ್ತಿದ್ದಳಂತೆ.

"ಯಾಕ?"

"ಅವ ಹೇಳ್ಯಾನ. 'ಅಮ್ಮಾ, ನಾ ಹೇಳೂತನಕ ವಾಲ್ ಮುಟ್ಟಬ್ಯಾಡ, ಯಾರಿಗೂ ಮುಟ್ಟಗೊಡಬ್ಯಾಡ' ಅಂದಾನ. ಅವ ಇನ್ನೂ ಹೇಳಿಲ್ಲ."

"ಅವರ ಎಲ್ಲಿಂದ ಬಂದ ಹೇಳಬೇಕ್ರಿ? ಮಣ್ಣ ಕೊಟ್ಟ ಬಂದದ್ದ ಗೊತ್ತಿಲ್ಲೇನ?"

"ಗೊತ್ತೈತಿ" ಅಂದಳು. "ಆದರ ಅವ ಹೇಳಿಲ್ಲಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. "ಹೊಟ್ಟಿಲೆ ಹಡದ ಮಗನ್ನೂ ನುಂಗಿದ್ರಿ, ಅವ ನೆಟ್ಟದ್ದನ್ನೂ ನುಂಗಿದ್ರಿ! ಈಗ ಹೊಟ್ಟಿ ತುಂಬಿತೇನ?" ಅಂದೆ.

ಮುದುಕಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಅಂದದ್ದರಲ್ಲಿ ತಪ್ಪೇನಿದೆ? ಅವರು ಬಿಟ್ಟು ಹೋದದ್ದು ಇವಿಷ್ಟೇ. ಮಕ್ಕಳಿಲ್ಲ, ಮರಿಯಿಲ್ಲ, ಹನ್ನೊಂದು ಗಿಡ. ಅವೂ ಹೋದವು. ಸತ್ತ ಗಿಡಕ್ಕೆ ನೀರೇಕೆ ಅಂತ ವಾಲ್ ಹಾಗೇ ಬಿಟ್ಟೆ.

ಫೆಬ್ರವರಿ 8, ಶನಿವಾರ

ಮಾತಿಲ್ಲ. ಅವಳು ರೊಟ್ಟಿ ಬಡಿದು ಮುಚ್ಚಿಡುತ್ತಾಳೆ, ನಾನು ಪಲ್ಯ ಮಾಡಿ ಮುಚ್ಚಿಡುತ್ತೇನೆ. ಅವಳು ಉಣ್ಣುವಾಗ ನಾನು ಒಳಗೆ, ನಾನು ಉಣ್ಣುವಾಗ ಅವಳು ಹೊರಗೆ. ಒಲೆಗೆ ಬಾಯಿ ಇದ್ದರೆ ನಗುತ್ತಿತ್ತು.

ಫೆಬ್ರವರಿ 12, ಬುಧವಾರ

ಕಬ್ಬಿನ ಕೆಲಸ ಮುಗಿಸಿ ಮಾಳಿಂಗರಾಯ ಬಂದ. ಗಿಡ ನೋಡಿದವನೇ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಕಿಟಕಿಯ ಹಿಂದೆ, ಮುದುಕಿ ಕಟ್ಟೆಯ ಮೇಲೆ. ಚಾಕು ತೆಗೆದು ಒಂದೊಂದೇ ಗಿಡದ ತೊಗಟೆ ಕೆರೆದು ನೋಡಿದ. ಮೇಲೆಲ್ಲ ಕಂದು. ಸೊಂಟದ ಮಟ್ಟಕ್ಕೆ ಬಂದರೆ ಒಳಗೆ ಇನ್ನೂ ಒಂದಿಷ್ಟು ಹಸಿರು ಇತ್ತು.

"ಚಾಚಿ, ಇನ್ನೂ ಜೀವ ಐತಿ. ಆದರ ತಲಿ ಪೂರಾ ಇಳಸಬೇಕ. ಮೂರೂವರಿ ಫೂಟಿಗೆ ಕಡದು, ಮೋಟ ಮಾಡಿ, ಗಾಯಕ್ಕ ಮೈಲುತುತ್ತದ ಮುಲಾಮ ಹಚ್ಚಬೇಕ. ಇಷ್ಟ ದೊಡ್ಡ ಮೈಗೆ ನೀರ ಎಳಿಯೂ ತಾಕತ್ತ ಬೇರಿಗೆ ಉಳದಿಲ್ಲ. ಮೈ ಸಣ್ಣದ ಮಾಡಿದ್ರ ಬದುಕತೈತಿ, ಇಲ್ಲಂದ್ರ ಇಲ್ಲ. ನೀರ ಕಡದ ಮ್ಯಾಲಽ ಬಿಡೂನು."

"ಆಕಿನ್ನ ಕೇಳು" ಅಂದಳು ಮುದುಕಿ.

"ಅವರನ್ನಽ ಕೇಳು. ಗಿಡದ ತಲಿ ಕಡಿಯಾಕ ಬಿಡದವರ ಅವರು" ಅಂದೆ ನಾನು.

"ನಾ ಬ್ಯಾಡ ಅನ್ನೂದಿಲ್ಲಂತ ಆಕಿಗೆ ಹೇಳು."

"ಹಂಗಾದ್ರ ಕಡಿ ಅಂತ ಹೇಳು."

ಮಾಳಿಂಗರಾಯ ಕಿಟಕಿ ನೋಡಿದ, ಕಟ್ಟೆ ನೋಡಿದ. "ಏನ್ ಹಣೇಬರಾನೋ ನಂದು! ನಾ ಏನ್ ಟಪಾಲಿನವೇನ್ರಿ? ಇಬ್ಬರಿಗೂ ಕಿವಿ ಚಲೋ ಅದಾವಲ್ಲ!" ಅಂದ. ಎಷ್ಟೋ ದಿನದ ಮೇಲೆ ನನಗೆ ನಗು ಬಂದುಬಿಟ್ಟಿತ್ತು, ತುಟಿ ಕಚ್ಚಿಕೊಂಡೆ.

ಫೆಬ್ರವರಿ 17, ಸೋಮವಾರ

ಇವತ್ತು ಕಡಿದರು.

ಬೆಳಿಗ್ಗೆ ಏಳಕ್ಕೆ ಮಾಳಿಂಗರಾಯ ಗರಗಸ ತಂದ. ಮೊದಲು ತುದಿ, ಆಮೇಲೆ ನಡು, ಕೊನೆಗೆ ದಪ್ಪ ಕೊಂಬೆ. ನೀರು ನಿಲ್ಲಬಾರದು ಅಂತ ಪ್ರತಿ ಕಡಿತವನ್ನೂ ಓರೆ ಮಾಡಿದ. ಒಂದೊಂದು ಗಿಡದ ತಲೆ ಬೀಳುವಾಗಲೂ ಒಂದೊಂದು ಕಡೆ ಆಕಾಶ ತೆರೆದುಕೊಳ್ಳುತ್ತಿತ್ತು. ಹದಿನಾರು ವರ್ಷ ಈ ಹಿತ್ತಲಲ್ಲಿ ನೆರಳಿತ್ತು. ಅವರು ಡ್ಯೂಟಿ ಮುಗಿಸಿ ಬಂದು ಇಲ್ಲೇ ಕಾಲು ಚಾಚಿ ಮಲಗುತ್ತಿದ್ದರು. ಮಧ್ಯಾಹ್ನಕ್ಕೆ ಬಿಸಿಲು ಸೀದಾ ಅಡುಗೆಮನೆಯವರೆಗೆ ಬಂತು. ಅಳಬಾರದು ಅಂದುಕೊಂಡಿದ್ದೆ, ಅತ್ತುಬಿಟ್ಟೆ.

ಮುಲಾಮು ಹಚ್ಚುವುದು ಯಾರು ಅನ್ನುವ ಪ್ರಶ್ನೆ ಬಂತು. ಮಾಳಿಂಗರಾಯ ನೀಲಿ ಮೈಲುತುತ್ತ, ಸುಣ್ಣ ಬೇರೆ ಬೇರೆ ಕಲಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಸಿಟ್ಟ. ಬ್ರಶ್ ಹಿಡಿದವಳು ಮುದುಕಿ. "ನಾ ಹಚ್ಚತೇನಿ" ಅಂದಳು, ಇಷ್ಟೇ. ಎಪ್ಪತ್ತು ದಾಟಿದೆ, ಮೊಣಕಾಲು ಮಡಚುವುದಿಲ್ಲ. ಒಂದೊಂದು ಮೋಟಿನ ಮುಂದೆಯೂ ಕೂತು, ಎದ್ದು, ಮತ್ತೆ ಕೂತು, ಎಲ್ಲ ಗಾಯಕ್ಕೂ ಹಚ್ಚಿದಳು. ಮಾಳಿಂಗರಾಯ ಹೋದ ಮೇಲೆ ನಾನು ಹಿತ್ತಲಿಗಿಳಿದು ಕಾಂಡಗಳಿಗೆ ಸುಣ್ಣ ಬಳಿದೆ. ಇಲ್ಲದಿದ್ದರೆ ಬೇಸಿಗೆಗೆ ತೊಗಟೆ ಸುಟ್ಟು ಸೀಳುತ್ತದೆ. ಏಳನೇ ಗಿಡದ ಹತ್ತಿರ ಅವಳಿಗೆ ಏಳಲಾಗಲಿಲ್ಲ. ಕೈ ಕೊಟ್ಟೆ. ಹಿಡಿದು ಎದ್ದಳು. 

ಸಂಜೆ ಹೋಗಿ ಅವಳೇ ವಾಲ್ ತಿರುವಿದಳು. ತಿರುವಿ, "ತಪ್ಪಾತೋ ಯಪ್ಪಾ" ಅಂದಳು. ನನಗಲ್ಲ, ಅವರಿಗೆ.

ಮಾರ್ಚ್ 4, ಮಂಗಳವಾರ

ರಂಜಾನಿನ ಮೂರನೇ ರೋಜಾ. ಗಿಡದಲ್ಲಿ ಏನೂ ಇಲ್ಲ. ಹನ್ನೊಂದು ಬಿಳಿ ಮೋಟು ಸಾಲಾಗಿ ನಿಂತಿವೆ. ಖಬರಸ್ತಾನದ ಹಾಗೆ ಕಾಣುತ್ತದೆ, ನೋಡಲಾರೆ.

ಅತ್ತೆಗೆ ಸಕ್ಕರೆ ಕಾಯಿಲೆ, ಉಪವಾಸ ಬೇಡ ಅಂದರೆ ಕೇಳುವುದಿಲ್ಲ. "ನಿಮಗೇನಾರ ಆದ್ರ ಯಾರ ಮಾಡವರು? ನಾ ಮೇ ನಾಕಕ್ಕ ಹೋಗಾಕಿ" ಅಂದೆ. "ಹೂಂ, ಹೋಗು" ಅಂದಳು. ಮಾತಾಡಿಬಿಟ್ಟೆವಲ್ಲ ಅಂತ ಆಮೇಲೆ ಹೊಳೆಯಿತು.

ಮಾರ್ಚ್ 21, ಶುಕ್ರವಾರ

ಚಿಗುರಿದೆ!

ಅತ್ತೆ ನೋಡಿದ್ದು ಮೊದಲು. ಬೆಳಿಗ್ಗೆ ಓಡಿ ಬಂದು, ಓಡುವುದೇನು, ಗೋಡೆ ಹಿಡಿದುಕೊಂಡು ಬಂದು, "ಅಬಿದಾ, ಬಾರ, ಬಾರ ಇಲ್ಲಿ" ಅಂತ ಎಬ್ಬಿಸಿದಳು. ನಾಲ್ಕನೇ ಗಿಡದ ತೊಗಟೆ ಒಡೆದು ಸಾಸಿವೆ ಕಾಳಿನಷ್ಟು ಹಸಿರು. ನಾವಿಬ್ಬರೂ ಎಷ್ಟೋ ಹೊತ್ತು ಅದರ ಮುಂದೆ ಕೂತಿದ್ದೆವು. ನೆಟ್ಟ ಹೊಸದರಲ್ಲಿ ಈ ಗಿಡದ ಮುಳ್ಳು ಅವರ ಪಾದದಲ್ಲಿ ಮುರಿದು, ಬಸ್ಸಿನ ಡ್ರೈವರನೊಬ್ಬ ತೆಗೆದನಂತೆ. ಅವತ್ತಿನಿಂದಲೇ ಬಸ್ಸಿನ ಹುಚ್ಚು ಹಿಡಿಯಿತಂತೆ. ನನಗೆ ಗೊತ್ತೇ ಇರಲಿಲ್ಲ. ಹದಿನಾರು ವರ್ಷದಲ್ಲಿ ನಾನೂ ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ.

ಅವತ್ತು ಅಂದ ಮಾತಿಗೆ ತಪ್ಪಾಯಿತು ಅನ್ನಬೇಕು. ಹಬ್ಬ ಆಗಲಿ, ಅನ್ನುತ್ತೇನೆ.

ಮಾರ್ಚ್ 31, ಸೋಮವಾರ

ಹಬ್ಬ. ಹೊಸ ಬಟ್ಟೆ ಇಲ್ಲ, ಮದರಂಗಿ ಇಲ್ಲ. ಶಾವಿಗೆಯ ಸುರಕುಂಬಾ ಮಾಡಿದೆ, ಅತ್ತೆಗೆ ಸಕ್ಕರೆ ಇಲ್ಲದ್ದು ಬೇರೆ.

ಅಮೀರ ಬಂದಿದ್ದ. ನಾನು ಅಡುಗೆಮನೆಯಲ್ಲಿದ್ದೆ, ಅವರಿಬ್ಬರ ಮಾತು ಕಿವಿಗೆ ಬಿತ್ತು.

"ಅಮೀರ, ಆಕಿಗೆ ಇನ್ನೂ ಮೂವತ್ತೆಂಟು. ಕರಕೊಂಡ ಹೋಗಿ ಸುಮ್ಮ ಕುಂಡ್ರಸಬ್ಯಾಡ. ಚಲೋ ಮನಿ ನೋಡು, ಒಂದ ನಿಕಾ ಮಾಡು."

"ಏನ್ ಮಾತಾಡತೀರಿ ಅಮ್ಮಾ, ನಿಮ್ಮ ಮಗನ..."

"ನನ್ನ ಮಗ ಹೋದ. ಆಕಿ ಹೋಗಿಲ್ಲಲ್ಲ."

ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.  ನನ್ನನ್ನು ಹೊರಗೆ ಹಾಕಲು ಎಷ್ಟು ಅವಸರ! ನನ್ನ ನಿಕಾ ಮಾಡಿಸಿ ಅಂತ ಇವರನ್ನು ಯಾರು ಕೇಳಿದರು? ತಪ್ಪಾಯಿತು ಅನ್ನುವುದಿಲ್ಲ. ಯಾಕೆ ಅನ್ನಲಿ?

ಏಪ್ರಿಲ್ 14, ಸೋಮವಾರ

ಬಿಸಿಲು ಹೊಡೆದು ಕೆಡವುತ್ತಿದೆ. ಒಂಬತ್ತು ಗಿಡ ಚಿಗುರಿವೆ. ಎರಡನೆಯದು, ಹತ್ತನೆಯದು ಸತ್ತವು. ಮಾಳಿಂಗರಾಯ ಬೇರುಸಹಿತ ಕಿತ್ತ. ಬೇರು ಕಪ್ಪಾಗಿ, ಹಿಡಿದರೆ ಪುಡಿಯಾಗುತ್ತಿತ್ತು. ಅತ್ತೆ ಹೊರಗೇ ಬರಲಿಲ್ಲ. ಸೌದೆ ಮಾಡಿ ನೀರೊಲೆಗೆ ಹಾಕಿದೆ, ಎರಡು ಗುಂಡಿ ಹಾಗೇ ಉಳಿದವು.

ಉಳಿದ ಒಂಬತ್ತರಲ್ಲಿ ಒಂದೊಂದು ಮೋಟಿಗೆ ಇಪ್ಪತ್ತು ಮೂವತ್ತು ಚಿಗುರು. ಎಲ್ಲ ಬಿಟ್ಟರೆ ಮತ್ತೆ ಹಳೆಯ ಜಂಜಾಟ. ಹೊರಗೆ ಮುಖ ಮಾಡಿದ ನಾಲ್ಕು ಉಳಿಸಿ, ಮಿಕ್ಕಿದ್ದನ್ನು ಎಳೆಯದಾಗಿರುವಾಗಲೇ ಹೆಬ್ಬೆರಳಿನಿಂದ ಉಜ್ಜಿ ತೆಗೆಯಬೇಕು. ಅತ್ತೆಗೆ ಕಲಿಸಿದೆ. ಕೈ ಬರುವುದಿಲ್ಲ ಅವರಿಗೆ. ಪ್ರತಿ ಚಿಗುರಿಗೂ "ಇದೂ ಇರಲಿ ಬಿಡ" ಅನ್ನುತ್ತಾರೆ. "ಎಲ್ಲಾ ಇಟಕೊಂಡ್ರ ಯಾವೂ ಬದಕೂದಿಲ್ರಿ ಅತ್ತಿ" ಅಂತ ಬೈದೆ. ನಾನು ಹೋದ ಮೇಲೆ ಇವರು ಏನು ಮಾಡುತ್ತಾರೋ. ಸಿಂದಗಿಗೆ ಕೊಟ್ಟ ಮಗಳು ಬಾ ಅಂದರೆ ಹೋಗಲೊಲ್ಲರು.

ಮೇ 4, ಭಾನುವಾರ

ಮುಗಿಯಿತು. ನೂರಾ ಇಪ್ಪತ್ತೆಂಟು ದಿನ.

ಅತ್ತೆ ಬೆಳಿಗ್ಗೆ ನೀರು ಕಾಯಿಸಿ ತಲೆಗೆ ಎರೆದರು. ತಾವೇ ಬಳೆಗಾರ್ತಿಯನ್ನು ಕರೆಸಿ ಹಸಿರು ಬಳೆ ಇಡಿಸಿದರು. ನಾನು ಬೇಡ ಅಂದೆ. "ಸುಮ್ಮ ಕೂಡು" ಅಂತ ಗದರಿದರು. ಅಮೀರ ಗಾಡಿ ತಂದಿದ್ದ. ಟ್ರಂಕು, ಹೊಲಿಗೆ ಮಷೀನು ಎತ್ತಿಟ್ಟ. ನಾನು ಹಿತ್ತಲಿಗೆ ಹೋಗಿ ಒಂದು ಸುತ್ತು ಬಂದೆ. ಚಿಗುರು ಗೇಣುದ್ದ ಆಗಿವೆ.

ಹೊರಡುವಾಗ ಏನಾದರೂ ಅನ್ನಬೇಕಲ್ಲ. ಗಂಟಲಿನವರೆಗೆ ಬಂದದ್ದು ಬೇರೆ, ಬಾಯಿಗೆ ಬಂದದ್ದು ಬೇರೆ. "ನಾ ಬರೂತನಕ ಗಿಡಕ್ಕ ನೀರ ತಪ್ಪಸಬ್ಯಾಡ್ರಿ" ಅಂದೆ. ಹೋಗುವವರು ಏನೋ ಒಂದು ಅನ್ನುತ್ತಾರಲ್ಲ, ಹಾಗೆ. ಅತ್ತೆ ತಲೆ ಆಡಿಸಿದರು.

ಮೇ 9, ಶುಕ್ರವಾರ, ಮುದ್ದೇಬಿಹಾಳ

ಅಮೀರ, ಅವನ ಹೆಂಡತಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕೆಲಸ ಮಾಡಗೊಡುವುದಿಲ್ಲ. ನೆಲಕ್ಕೆಲ್ಲ ಫರಸಿ ಕಲ್ಲು ಹಾಕಿಸಿದ್ದಾರೆ, ಒಂದು ಹಿಡಿ ಮಣ್ಣು ಕಾಣುವುದಿಲ್ಲ. ಬಸವನ ಬಾಗೇವಾಡಿಯ ಕಡೆ ಒಂದು ಮನೆ ಇದೆ, ಹೆಂಡತಿ ತೀರಿದವರು, ಒಳ್ಳೆಯ ಮಂದಿ ಅಂತ ಅಮೀರ ಮಾತು ತೆಗೆದ. ಆಮೇಲೆ ನೋಡೋಣ ಅಂದೆ.

ಬೆಳಿಗ್ಗೆ ಐದಕ್ಕೇ ಎಚ್ಚರ ಆಗುತ್ತದೆ. ಎದ್ದು ಏನು ಮಾಡುವುದು ಅಂತ ತಿಳಿಯುವುದಿಲ್ಲ. ಬೈಯಲು ಯಾರೂ ಇಲ್ಲ.

ಮೇ 15, ಗುರುವಾರ

ಅತ್ತೆಗೆ ಫೋನ್ ಮಾಡಿದರೆ ದಿನಾ ಒಂದೇ ಮಾತು, "ಎಲ್ಲಾ ಚಲೋ ಐತಿ." ನಂಬಿಕೆ ಬರಲಿಲ್ಲ. ಇವತ್ತು ಮಾಳಿಂಗರಾಯನಿಗೆ ಮಾಡಿದೆ.

"ಗಿಡ ಭಾಳ ಚಲೋ ಅದಾವ್ರಿ ವೈನಿ. ಚಾಚೀದ ಒಂದಽ ನನಗ ತಿಳಿವಲ್ದು" ಅಂದ.

"ಏನಾತು?"

"ಅಲ್ರಿ, ಆ ಕಿತ್ತ ಎರಡ ಗಿಡದ ಗುಂಡಿ ಅದಾವಲ್ಲ, ಖಾಲಿ ಗುಂಡಿ, ಪೈಪ್ ಸೈತ ಬಿಚ್ಚೇನಿ, ಅವಕ್ಕೂ ದಿನಾ ಕೊಡಾ ಹೊತ್ತ ನೀರ ಹಾಕತಾರ. ಏನೂ ಇಲ್ಲದಲ್ಲಿ ಯಾಕ ಚಾಚಿ ಅಂದೆ. 'ಆಕಿ ಬರೂತನಕ ನೀರ ತಪ್ಪಸಬ್ಯಾಡ ಅಂತ ಹೇಳಿ ಹೋಗ್ಯಾಳ, ಯಾವ ಗಿಡಕ್ಕಂತ ಹೇಳಿಲ್ಲ' ಅಂದ್ರು. ನೀವ ಯಾವಾಗ ಬರ್ತೀರಿ?"

ಫೋನ್ ಇಟ್ಟು ಎಷ್ಟೋ ಹೊತ್ತು ಫರಸಿಯ ಮೇಲೆ ಕೂತೆ. ನಾನೇನೂ ಬರುತ್ತೇನೆ ಅಂತ ಅಂದದ್ದಲ್ಲ. ಸುಮ್ಮನೆ ಬಾಯಿಮಾತಿಗೆ ಅಂದದ್ದು. ಆ ಮೊಣಕಾಲಿನಲ್ಲಿ, ಈ ಬಿಸಿಲಿನಲ್ಲಿ ಕೊಡ ಹೊರುತ್ತಿದ್ದಾರೆ. ನನ್ನ ನಾಲಿಗೆಗೆ ಹುಳ ಬೀಳಲಿ.

ಅತ್ತೆಗೆ ಮಾಡಿದೆ. ಎತ್ತಿದ ಕೂಡಲೇ ಹೇಳಿಬಿಟ್ಟೆ, ತಡೆದರೆ ಮತ್ತೆ ಹಬ್ಬ, ಮತ್ತೆ ಶುಕ್ರವಾರ ಅಂತ ಮುಂದೆ ಹೋಗುತ್ತಿತ್ತು.

"ಅತ್ತಿ, ಅವತ್ತ ನಾ ಅನ್ನಬಾರದ ಮಾತ ಅಂದೆ. ನುಂಗಿದ್ರಿ ಅಂದೆ. ತಪ್ಪಾತ್ರಿ."

 

"ನೀ ಬರಾಕಿ ಇದ್ರ ಬಾ" ಅಂದರು ಮೆಲ್ಲಗೆ. "ಇಲ್ಲಂದ್ರ ಬರೂದಿಲ್ಲ ಅಂತ ಒಂದ ಮಾತ ಹೇಳಿಬಿಡು ಅಬಿದಾ. ಹೇಳಿದ್ರ ತಡಕೋತೇನಿ. ಹೇಳದಽ ಹೋದ್ರ ನನಗ ಆಗೂದಿಲ್ಲ."

"ನಾಳಿ ಬರ್ತೇನ್ರಿ" ಅಂದೆ. "ಏಳೂವರಿ ಬಸ್ಸಿಗೆ ಕೂಡತೇನಿ. ಮಧ್ಯಾಹ್ನ ಊಟಕ್ಕ ಮನ್ಯಾಗ ಇರತೇನಿ."

ಎಷ್ಟು ದಿನಕ್ಕೆ ಅಂತ ಅವರು ಕೇಳಲಿಲ್ಲ, ನಾನೂ ಯೋಚಿಸಿಲ್ಲ. ಫೋನಿನಲ್ಲಿ ಅಳು ಕೇಳಿಸಿತು. ಮಗನಿಗೆ ಮಣ್ಣು ಕೊಟ್ಟು ಗಂಡಸರು ತಿರುಗಿ ಬಂದಾಗಲೂ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ.